ಇಟಲಿಯ ಗೌನಿನ ಪಕ್ಕದ ಹೊಲಿಗೆ

ಮೊನ್ನೆ ಗರುಡಾಚಾರ್‌ಪಾಳ್ಯದ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಹಲಸೂರಿನ ನಮ್ಮ ಮನೆಗೆ ರೆಡಿಮೇಡ್ ಬ್ಲೌಸ್ ಹಿಡಿದುಕೊಂಡು ಬಂದಳು. ಬಿಗಿಯಾಗುತ್ತದೆಯಂತೆ, ಬಿಡಿಸಿಕೊಡಬೇಕಂತೆ. ತಿರುಗಿಸಿ ನೋಡಿದೆ. ಅಂಚಿಗೆ ಓವರ್‌ಲಾಕ್ ಹೊಡೆದು ಕೈ ತೊಳೆದುಕೊಂಡಿದ್ದಾರೆ. ಒಳಗೆ ಬೆರಳಗಲದ ಬಟ್ಟೆಯೂ ಇಲ್ಲ.

"ಬಿಡಿಸೋಕೆ ಇದರಲ್ಲಿ ಏನೂ ಇಲ್ಲಮ್ಮ."

"ಸ್ವಲ್ಪ ಅಡ್ಜಸ್ಟ್ ಮಾಡಿ ಆಂಟಿ, ಪ್ಲೀಸ್."

"ಬಟ್ಟೆ ಅಡ್ಜಸ್ಟ್ ಆಗಲ್ಲ, ನೀನೇ ಆಗ್ಬೇಕು. ಎರಡು ತಿಂಗಳು ಅನ್ನ ಬಿಟ್ಟು ನೋಡು."

ಅವಳು ಮುಖ ಊದಿಸಿಕೊಂಡು ಹೋದಳು. ಹೋಗಲಿ. ಅಂಗಡಿಯವನಿಗೆ ಬೈಯಬೇಕಾದ್ದನ್ನು ನಾನು ಅವಳಿಗೆ ಬೈದೆ, ಅಷ್ಟೇ ತಪ್ಪು.

ನಾನು ಹೊಲಿದ ಬ್ಲೌಸನ್ನು ತಿರುಗಿಸಿ ನೋಡಿ, ಪಕ್ಕದಲ್ಲಿ ಮೂರು ಹೊಲಿಗೆ ಇರುತ್ತವೆ, ರೈಲುಕಂಬಿಯ ಹಾಗೆ ಒಂದರ ಪಕ್ಕ ಒಂದು. ಅದರಾಚೆ ಇನ್ನೂ ಒಂದಿಷ್ಟು ಬಟ್ಟೆ ಒಳಗೆ ಸುಮ್ಮನೆ ಮಲಗಿರುತ್ತದೆ. ಮೊದಲನೆಯ ಹೊಲಿಗೆ ಮದುವೆಯ ದಿನಕ್ಕೆ. ಅದನ್ನು ಬಿಚ್ಚಿದರೆ ಎರಡನೆಯದು ಸಿಗುತ್ತದೆ, ಅದು ಮೊದಲ ಬಾಣಂತನಕ್ಕೆ. ಮೂರನೆಯದು ನಲವತ್ತು ದಾಟಿದ ಮೇಲೆ. ಅದನ್ನೂ ಬಿಚ್ಚುವ ಹೊತ್ತಿಗೆ ಹೆಂಗಸಿಗೆ ಯಾರ ಹೆದರಿಕೆಯೂ ಉಳಿದಿರುವುದಿಲ್ಲ.

ಇದನ್ನು ನನಗೆ ಕಲಿಸಿದವಳು ನಮ್ಮ ಸೋದರತ್ತೆ. ಹಲಸೂರು ಕೆರೆಯ ಹತ್ತಿರ ಅವಳದೊಂದು ಕತ್ತಲೆ ಕೋಣೆ, ಅದರಲ್ಲೊಂದು ಕಾಲಲ್ಲಿ ತುಳಿಯುವ ಮಿಷನ್ನು. ಐದನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿ ಅಲ್ಲಿ ಕೂರಿಸಿದರು. ಶಾಲೆ ಬಿಡಿಸಿದರೆಂದು ಅತ್ತವರ ಕಥೆ ನೀವು ಬೇಕಾದಷ್ಟು ಓದಿರುತ್ತೀರಿ. ನಾನು ಅಳಲಿಲ್ಲ. ಇನ್ನು ಭಾಗಾಕಾರದ ಕಾಟ ತಪ್ಪಿತು ಎಂದು ಕುಣಿದೆ. ಮಾರನೆಯ ದಿನವೇ ಅತ್ತೆ ಟೇಪು ಕೈಗೆ ಕೊಟ್ಟು, "ಎದೆ ಸುತ್ತಳತೆ ಮೂವತ್ನಾಲ್ಕು, ಅದನ್ನ ನಾಲ್ಕರಿಂದ ಭಾಗಿಸಿ ಗುರುತು ಹಾಕು" ಎಂದಳು. ಆಗ ಅತ್ತುಬಿಟ್ಟೆ.

ಅತ್ತೆಗೆ ಒಂದು ನಿಯಮವಿತ್ತು. ಟೇಪಿಗೆ ಗೊತ್ತಾದದ್ದು ಬಾಯಿಗೆ ಗೊತ್ತಾಗಬಾರದು. ಹೆಂಗಸರ ಮೈಯಲ್ಲಿ ಏನೇನಾಗುತ್ತಿದೆ ಎಂಬುದು ಗಂಡನಿಗಿಂತ ಮೊದಲು, ಡಾಕ್ಟರಿಗಿಂತ ಮೊದಲು, ಎಷ್ಟೋ ಸಲ ಆ ಹೆಂಗಸಿಗಿಂತಲೂ ಮೊದಲು ಟೈಲರಿಗೆ ಗೊತ್ತಾಗುತ್ತದೆ. ಗೊತ್ತಾಗಲಿ. ಅಳತೆ ಬರೆದುಕೋ, ಹೊಲಿ, ಕೊಡು. ಒಂದು ಸಲ ಮದುವೆ ನಿಶ್ಚಯವಾದ ಹುಡುಗಿಯೊಬ್ಬಳ ತಾಯಿ ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ ಮಗಳ ಒಂದೇ ಬ್ಲೌಸ್ ತಂದಳು. ಮೂರು ಸಲವೂ ಅತ್ತೆ ಪಕ್ಕದ ಹೊಲಿಗೆ ಬಿಚ್ಚಿ ಹೊಲಿದು ಕೊಟ್ಟಳು. ಏನು, ಎತ್ತ ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ. ನಾನು ಬಾಯಿ ತೆರೆಯಹೋದಾಗ ಅತ್ತೆ ಸೂಜಿಯ ಹಿಂಬದಿಯಿಂದ ನನ್ನ ತೊಡೆಗೆ ಚುಚ್ಚಿದಳು. ಮದುವೆಯಾಯಿತು, ಏಳು ತಿಂಗಳಿಗೆ ಮಗುವಾಯಿತು. ಎಲ್ಲರೂ ಚೆನ್ನಾಗಿದ್ದಾರೆ. ಯಾರು ಎಂದು ನೀವು ಕೇಳಬೇಡಿ.

ಆ ಕಾಲದಲ್ಲೇ ಜುಬೇದಾ ಗಂಟುಬಿದ್ದದ್ದು. ಶಿವಾಜಿನಗರದ ಒಬ್ಬ ಶರ್ಟಿನ ಟೈಲರಿಗೆ ನಾವಿಬ್ಬರೂ ಕಾಜಾ ಹಾಕಿಕೊಡುತ್ತಿದ್ದೆವು. ಗುಂಡಿ ತೂರಿಸುವ ತೂತಿನ ಸುತ್ತ ಕೈಯಲ್ಲಿ ನೂಲು ಹೊಲಿಯುವುದೇ ಕಾಜಾ. ಅಂಗಡಿಯ ಮೆಟ್ಟಿಲ ಮೇಲೆ ಕೂತು ನಾನು ಆರು ಹಾಕುವಷ್ಟರಲ್ಲಿ ಅವಳು ಹತ್ತು ಹಾಕಿ, ನನ್ನ ಆರರಲ್ಲಿ ನಾಲ್ಕು ಸರಿಯಿಲ್ಲ ಎಂದು ತೋರಿಸುತ್ತಿದ್ದಳು. ಇವತ್ತಿಗೂ ತೋರಿಸುತ್ತಾಳೆ. ಮನೆಯಲ್ಲಿ ದಖನಿ ಉರ್ದು, ಮಾರ್ಕೆಟ್ಟಿನಲ್ಲಿ ತಮಿಳು, ನನ್ನ ಹತ್ತಿರ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ.

ಸರಿ, ಇಟಲಿಗೆ ಬರೋಣ.

ನನ್ನ ಮಗಳ ಮಗಳು ಸಿಂಧು. ಅವರ ಮನೆ ಜೀವನ್ ಬಿಮಾ ನಗರದಲ್ಲಿ. ಅವಳು ಯೂನಿವರ್ಸಿಟಿಯಲ್ಲಿ ಪಿಎಚ್.ಡಿ.ಗೆ ಸೇರಿದಳು, ಇಟಲಿಯ ಒಬ್ಬ ಕಾದಂಬರಿಕಾರನ ಮೇಲೆ. ಅದಕ್ಕಾಗಿ ಎರಡು ವರ್ಷ ಆ ಭಾಷೆಯನ್ನೂ ಕಲಿತಳು. ಮನೆಯಲ್ಲಿ ಟಿ.ವಿ. ಗಲಾಟೆ ಎಂದು ಪುಸ್ತಕ ಹೊತ್ತುಕೊಂಡು ನನ್ನ ಮನೆಗೆ ಬಂದು ಕೂರುತ್ತಿದ್ದಳು. ನನ್ನ ಮಿಷನ್ನಿನ ಸದ್ದು ಗಲಾಟೆಯಲ್ಲವಂತೆ.

"ಯಾರೇ ಅವನು? ಬದುಕಿದ್ದಾನಾ?" ಎಂದು ಕೇಳಿದೆ.

"ಬದುಕಿದ್ದಾರೆ ಅಜ್ಜಿ. ಎಪ್ಪತ್ತರ ಮೇಲಾಗಿದೆ."

"ಮತ್ತೆ ಐದು ವರ್ಷ ಯಾಕೆ ಒದ್ದಾಡ್ತೀಯ? ಒಂದು ಫೋನ್ ಹಾಕಿ, ಏನಪ್ಪಾ ಬರ್ದಿದ್ದೀಯ ಅಂತ ಕೇಳು. ಮುಗೀತು."

"ಹಾಗೆ ಕೇಳೋ ಹಾಗಿಲ್ಲ ಅಜ್ಜಿ. ಪುಸ್ತಕದಲ್ಲಿ ಏನಿದ್ಯೋ ಅದನ್ನ ನಾವೇ ಓದಿ ತಿಳ್ಕೋಬೇಕು. ಬರೆದವರು ಹೇಳಿದ್ದನ್ನ ಒಪ್ಪಲ್ಲ."

ನಾನು ನಗಬಹುದಿತ್ತು, ಆದರೆ ಇದು ನನಗೆ ಸರಿ ಎನಿಸಿತು. ಬ್ಲೌಸ್ ಹೇಗಿದೆ ಎಂದು ಹೊಲಿದವಳನ್ನೇ ಕೇಳಿದರೆ ಅವಳು ಇನ್ನೇನು ಹೇಳಿಯಾಳು?

ಸೀರೆಗೆ ಫಾಲ್ ಹಚ್ಚುವಾಗ ಕೈಗೆ ಕೆಲಸ, ಕಿವಿ ಖಾಲಿ. ಅವಳು ಓದಿದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದಳು. "ನಿಂಗೆ ಅರ್ಥ ಆದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ ಅಜ್ಜಿ" ಎನ್ನುತ್ತಿದ್ದಳು. ಇದು ಹೊಗಳಿಕೆಯಲ್ಲ ಎಂದು ನನಗೆ ಗೊತ್ತಿತ್ತು. ಮೊದಲನೆಯ ಕಾದಂಬರಿಯಲ್ಲಿ ಒಂದು ಕೊಲೆ. ಅಂಚೆಯವನೇ ಮಾಡಿದ್ದು ಎಂದು ನಾನು ಮೂರು ವಾರ ಹಟ ಹಿಡಿದೆ. ಅಂಚೆಯವನು ಪಾಪ, ಕೊಲೆಯಾದ ದಿನ ಊರಲ್ಲೇ ಇರಲಿಲ್ಲ. ಎರಡನೆಯ ಕಾದಂಬರಿ ಪೂರ್ತಿ ಇಬ್ಬರು ಅಣ್ಣತಮ್ಮಂದಿರು ಒಂದು ಆಲಿವ್ ತೋಟದ ಬೇಲಿಗೆ ಜಗಳವಾಡುತ್ತಾರೆ. ಅದರಲ್ಲಿ ನಾನು ನಿದ್ದೆ ಹೋದೆ. ಹಾಗಾಗಿ ಸಾಹಿತ್ಯದಲ್ಲಿ ನನ್ನ ಮಾತಿಗೆ ಅವಳ ಹತ್ತಿರ ಬೆಲೆಯೇನೂ ಇರಲಿಲ್ಲ.

ಮೂರನೆಯದು ಬಂತು.

ಕಥೆ ಹೀಗೆ. ಸಮುದ್ರದ ಪಕ್ಕ ಒಂದು ಸಣ್ಣ ಊರು. ಅಲ್ಲಿ ಬಟ್ಟೆ ಹೊಲಿದು ಬದುಕುವ ಒಬ್ಬ ತಾಯಿ, ಹತ್ತೊಂಬತ್ತು ವರ್ಷದ ಮಗಳು. ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಯಾವಾಗಲೋ ಬಂದು ಹೋಗುವವನು. ಮಗಳಿಗೆ ಗೊತ್ತುಮಾಡಿದ್ದ ಮದುವೆ ಮುರಿಯುತ್ತದೆ. ಆಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಆ ತಾಯಿ ಮಗಳ ಹಳೆಯ ನೀಲಿ ಗೌನನ್ನು ಮೇಜಿನ ಮೇಲೆ ಹಾಸಿ ಎರಡೂ ಪಕ್ಕದ ಹೊಲಿಗೆ ಬಿಚ್ಚುತ್ತಾಳೆ, ಮತ್ತೆ ಹೊಲಿಯುತ್ತಾಳೆ. ಇಬ್ಬರ ನಡುವೆ ಮಾತಿಲ್ಲ. ಎದುರುಮನೆಯವಳು ಕಿಟಕಿಯಿಂದ ಇದನ್ನು ನೋಡುತ್ತಿರುತ್ತಾಳೆ. ಚಳಿಗಾಲದಲ್ಲಿ ತಾಯಿ ಮಗಳಿಬ್ಬರೂ ಬೆಟ್ಟದ ಮೇಲೆ ನೆಂಟರ ಮನೆಗೆ ಹೋಗುತ್ತಾರೆ. ತಿರುಗಿ ಬರುವಾಗ ತಾಯಿಯ ಕೈಯಲ್ಲಿ ಒಂದು ಗಂಡುಮಗು. ಆ ಮಗು ದೊಡ್ಡವನಾಗಿ, ಮುದುಕನಾಗಿ ಈ ಕಥೆ ಹೇಳುವುದು. 'ನನ್ನಕ್ಕ ನನ್ನನ್ನು ಒಂದು ದಿನವೂ ಎತ್ತಿಕೊಳ್ಳಲಿಲ್ಲ, ಅವಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ' ಎಂಬುದು ಪುಸ್ತಕದುದ್ದಕ್ಕೂ ಅವನ ದೂರು.

"ಆ ಹುಡುಗಿ ದುಃಖದಲ್ಲಿ ಊಟ ಬಿಟ್ಟು ಸೊರಗಿ ಹೋಗ್ತಾಳೆ ಅಜ್ಜಿ. ಅದಕ್ಕೇ ಅವಳಮ್ಮ ವಾರವಾರ ಗೌನ್ ಚಿಕ್ಕದು ಮಾಡ್ತಿರ್ತಾಳೆ. ತುಂಬ ಫೇಮಸ್ ಸೀನು ಇದು" ಎಂದಳು ಸಿಂಧು.

ನನ್ನ ಸೂಜಿ ನಿಂತಿತು.

"ಭುಜ ಬಿಚ್ಚಿದ್ಳಾ?"

"ಯಾರು?"

"ಅವಳಮ್ಮ. ಭುಜದ ಹೊಲಿಗೆ ಬಿಚ್ಚಿದ್ಳಾ ಅಂತ ನೋಡು."

ಅವಳು ಪುಟ ತಿರುವಿದಳು. "ಇಲ್ಲ. ಪಕ್ಕ ಮಾತ್ರ."

"ಕತ್ತು? ತೋಳು?"

"ಇಲ್ಲ ಅಜ್ಜಿ, ಪಕ್ಕ ಮಾತ್ರ ಅಂದ್ನಲ್ಲ. ಯಾಕೆ?"

"ಸೊರಗಿದವಳಿಗೆ ಮೊದಲು ಭುಜ ಜಾರುತ್ತೆ, ಕತ್ತು ಹಳ್ಳ ಬೀಳುತ್ತೆ. ಅದನ್ನ ಬಿಟ್ಟು ವಾರವಾರ ಪಕ್ಕ ಒಂದನ್ನೇ ಬಿಚ್ಚಿ ಬಿಚ್ಚಿ ಹೊಲಿಯೋ ಟೈಲರ್ ಎಲ್ಲೂ ಇಲ್ಲ. ಅವಳು ಚಿಕ್ಕದು ಮಾಡ್ತಿಲ್ಲ ಕಣೇ, ಬಿಡಿಸ್ತಾ ಇದ್ದಾಳೆ. ಹುಡುಗಿ ಬಸುರಿ."

"ಅಜ್ಜೀ! ಬಸುರಿ ಆಗಿದ್ದು ಹುಡುಗಿ ಅಲ್ಲ, ಅವಳಮ್ಮ. ಅಪ್ಪ ರಜಕ್ಕೆ ಬಂದು ಹೋಗಿದ್ದ, ಪುಸ್ತಕದಲ್ಲೇ ಇದೆ."

"ಹೌದಾ? ಹಾಗಾದ್ರೆ ಅಮ್ಮನ ಗೌನ್ ಯಾರು ಬಿಚ್ಚಿದ್ರು?"

ಸಿಂಧು ಪುಸ್ತಕವನ್ನು ಹಿಂದಕ್ಕೆ ಹಿಂದಕ್ಕೆ ತಿರುವತೊಡಗಿದಳು. ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕಿತು. ನಾನೇ ಎದ್ದು ಹೋಗಿ ಆರಿಸಿದೆ.

ತಿರುಗಿ ಬಂದಾಗ ಅವಳು ನಿಂತುಕೊಂಡಿದ್ದಳು. "ಅಜ್ಜಿ, ಹಾಗಾದ್ರೆ ಅಕ್ಕ ಅಂತ ಅವನು ಅಂದ್ಕೊಂಡಿರೋದು..."

"ಅವನ ತಾಯಿ. ಎತ್ಕೊಂಡ್ರೆ ಬಿಡೋಕಾಗಲ್ಲ ಅಂತ ಎತ್ಕೊಂಡಿಲ್ಲ. ಕೂತ್ಕೋ. ಇದನ್ನ ಬರೆದ ಗಂಡಸಿಗೆ ಇದೆಲ್ಲ ಹೇಗೆ ಗೊತ್ತು? ಅವನಮ್ಮ ಹೊಲಿತಿದ್ಳಾ?"

ಅವಳು ಪುಸ್ತಕದ ಹಿಂದಿನ ರಟ್ಟು ನೋಡಿದಳು. "ಅಪ್ಪ ರೈಲ್ವೆಯಲ್ಲಿದ್ರು ಅಂತ ಇದೆ. ಅಮ್ಮನ ಬಗ್ಗೆ ಏನೂ ಇಲ್ಲ."

ಹಿಂದಿನ ರಟ್ಟಿನ ಮೇಲೆ ಅಮ್ಮಂದಿರ ಸುದ್ದಿ ಯಾರು ಬರೆಯುತ್ತಾರೆ?

ನನ್ನ ಪಾಲಿಗೆ ಅಲ್ಲಿಗೆ ಮುಗಿದಿತ್ತು. ಯೂನಿವರ್ಸಿಟಿಯ ಪಾಲಿಗೆ ಅಲ್ಲಿಂದ ಶುರುವಾಯಿತು. ಅವಳ ಗೈಡ್ ಒಬ್ಬರು ಮೇಷ್ಟ್ರು. ಒಳ್ಳೆಯವರೇ, ಆದರೆ ಯಾರಾದರೂ ಮೊದಲು ಹೇಳಿರದ ಮಾತನ್ನು ಹೇಳಲು ಹೆದರುವ ಜಾತಿ. "ಇದನ್ನ ಯಾವ ವಿಮರ್ಶಕರು ಹೇಳಿದ್ದಾರೆ? ರೆಫರೆನ್ಸ್ ಎಲ್ಲಿ?" ಎಂದರಂತೆ. "ನಮ್ಮಜ್ಜಿ ಹೇಳಿದ್ರು ಸರ್" ಎಂದಳಂತೆ ಇವಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಪುಸ್ತಕದ ಒಳಗಿಂದ ಪುರಾವೆ ತಾ, ಆಮೇಲೆ ನೋಡೋಣ" ಎಂದರಂತೆ.

ಪುರಾವೆ ಹುಡುಕಲು ನಾವಿಬ್ಬರೂ ಕೂತೆವು. ಮಧ್ಯೆ ಮಧ್ಯೆ ಜುಬೇದಾಳೂ ಬರುತ್ತಿದ್ದಳು. ಬಂದವಳು, "ಯಾಕೆ ಇಷ್ಟು ತಲೆಬಿಸಿ? ಆ ಎದುರುಮನೆಯವಳನ್ನ ಕೇಳಿ, ಅವಳಿಗೆ ಎಲ್ಲಾ ಗೊತ್ತಿರುತ್ತೆ" ಎನ್ನುತ್ತಿದ್ದಳು. ಎದುರುಮನೆಯವಳು ನೂರಿಪ್ಪತ್ತನೇ ಪುಟದಲ್ಲಿ ಸತ್ತುಹೋಗುತ್ತಾಳೆ ಎಂದು ಸಿಂಧು ಹೇಳಿದಾಗ ಜುಬೇದಾ ನಿಜವಾಗಿ ಬೇಜಾರು ಮಾಡಿಕೊಂಡಳು.

ಬಟ್ಟೆ ಎಂಬ ಮಾತು ಬಂದ ಕಡೆಯೆಲ್ಲ ಸಿಂಧು ಓದುವುದು, ನಾನು ಬೇಡ ಮುಂದೆ ಹೋಗು ಎನ್ನುವುದು. ಮೇಜುಬಟ್ಟೆ, ಕಿಟಕಿಯ ಪರದೆ, ಹಡಗಿನ ಹಾಯಿ, ಎಲ್ಲ ಆಯಿತು. ಕೊನೆಗೆ ಪುಸ್ತಕ ಮುಗಿಯಲು ಹತ್ತು ಪುಟ ಇರುವಾಗ ಸಿಕ್ಕಿತು. ಅಕ್ಕ ಮುದುಕಿಯಾಗಿ ಹಾಸಿಗೆ ಹಿಡಿದಿರುತ್ತಾಳೆ. ಪೆಟ್ಟಿಗೆಯಿಂದ ಆ ನೀಲಿ ಗೌನು ತೆಗೆಸಿ ತಮ್ಮನ ಕೈಗೆ ಕೊಡುತ್ತಾಳೆ. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ಗೌನು ಮಾಸಿ ಬೂದುಬಣ್ಣವಾಗಿದೆ, ಆದರೆ ಎರಡೂ ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಹೊಸ ಬಟ್ಟೆಯಷ್ಟು ಕಡುನೀಲಿಯ ಒಂದೊಂದು ಪಟ್ಟಿ. ಇಷ್ಟೇ. ಅವನು ಅದನ್ನು ನೋಡಿ ಮಡಚಿ ಇಡುತ್ತಾನೆ. ಓದಿದವರೆಲ್ಲ ಅದು ದುಃಖದ ನೆರಳು, ಕಳೆದ ಕಾಲದ ಗುರುತು ಎಂದೆಲ್ಲ ಬರೆದಿದ್ದಾರಂತೆ.

ನಾನು ಕಪಾಟು ತೆಗೆದು ನನ್ನ ಹಳೆಯ ಹಸಿರು ಬ್ಲೌಸನ್ನು ಅವಳ ಮಡಿಲಿಗೆ ಎಸೆದೆ. ನನ್ನ ಮದುವೆಯ ಕಾಲದ್ದು. ಮೂರೂ ಹೊಲಿಗೆ ಬಿಚ್ಚಿ ಆಗಿದೆ, ಅಂದರೆ ನನ್ನ ಹೊಟ್ಟೆಯ ಪೂರ್ತಿ ಚರಿತ್ರೆ ಅದರಲ್ಲಿದೆ. ಒಗೆದು ಒಗೆದು, ಬಿಸಿಲಿಗೆ ಹಾಕಿ ಹಾಕಿ ಮೈಯೆಲ್ಲ ಬಿಳಿಚಿದೆ. ಪಕ್ಕದಲ್ಲಿ ಮಾತ್ರ ಕಡುಹಸಿರು ಪಟ್ಟಿ. ಯಾಕೆಂದರೆ ಆ ಬಟ್ಟೆ ಇಷ್ಟು ಕಾಲ ಒಳಗೆ ಮಡಚಿಕೊಂಡು ಬಿಸಿಲು ಕಾಣದೆ ಇತ್ತು. ಬಿಡಿಸಿದಾಗ ಹೊರಗೆ ಬಂತು. ಚಿಕ್ಕದು ಮಾಡಿದ ಬಟ್ಟೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಹೊರಗಿದ್ದದ್ದು ಒಳಗೆ ಹೋಗುತ್ತದೆಯೇ ಹೊರತು ಒಳಗಿನದು ಹೊರಗೆ ಬರುವುದಿಲ್ಲ.

ಸಿಂಧು ಬ್ಲೌಸನ್ನು ನೋಡಿದಳು, ಪುಸ್ತಕವನ್ನು ನೋಡಿದಳು, ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ನಾನು ಒರೆಸಿಕೊಂಡೆ. ಕೆಲಸದ ಹೊತ್ತಿನಲ್ಲಿ ಇದೆಲ್ಲ ನನಗೆ ಆಗುವುದಿಲ್ಲ.

ಅವಳು ಅದನ್ನೇ ಮೂರನೆಯ ಅಧ್ಯಾಯ ಮಾಡಿದಳು. ಗೈಡು ಅರೆಮನಸ್ಸಿನಿಂದ ಸಹಿ ಹಾಕಿದರು. ಥೀಸಿಸ್ಸು ಹೊರಗಿನ ಪರೀಕ್ಷಕರಿಗೆ ಹೋಯಿತು. ಹೋದದ್ದು ಯಾರಿಗೆ ಗೊತ್ತೇ? ಆ ಕಾದಂಬರಿಯ ಮೇಲೆ ಮೊದಲು ದೊಡ್ಡ ಲೇಖನ ಬರೆದು, ಹುಡುಗಿ ದುಃಖದಿಂದ ಸೊರಗುತ್ತಾಳೆ ಎಂದು ಎಲ್ಲರಿಗೂ ಕಲಿಸಿದ ಮೇಡಂಗೆ. ನಾಲ್ಕು ತಿಂಗಳ ಮೇಲೆ ಅವರ ವರದಿ ಬಂತು. ಉಳಿದದ್ದೆಲ್ಲ ಚೆನ್ನಾಗಿದೆ, ಮೂರನೆಯ ಅಧ್ಯಾಯ ಊಹೆ. ಮೌಖಿಕ ಪರೀಕ್ಷೆಯಲ್ಲಿ ಅದನ್ನು ಸಾಬೀತು ಮಾಡಬೇಕು, ಇಲ್ಲವಾದರೆ ಆ ಅಧ್ಯಾಯ ಕಿತ್ತು ಹಾಕಿ ಪೂರ್ತಿ ಹೊಸದಾಗಿ ಸಲ್ಲಿಸಬೇಕು. ಅಂದರೆ ಇನ್ನೊಂದು ವರ್ಷ.

ಗೈಡು ಹೇಳಿದರಂತೆ: "ಈಗಲೂ ಕಾಲ ಮಿಂಚಿಲ್ಲ. ವೈವಾದಲ್ಲಿ, ಹೌದು ಮೇಡಂ, ಅದು ನನ್ನ ಊಹೆ, ತೆಗೀತೀನಿ ಅಂತ ಒಪ್ಕೋ. ದೊಡ್ಡವರ ಜೊತೆ ಜಿದ್ದು ಬೇಡ."

ಸಿಂಧು ಬಂದು ನನ್ನ ಮಿಷನ್ನಿನ ಪಕ್ಕ ಕೂತಳು. "ಏನು ಮಾಡ್ಲಿ ಅಜ್ಜಿ? ಐದು ವರ್ಷ ಆಯ್ತು."

"ನಿಂಗೇನನ್ಸುತ್ತೆ? ಅವಳು ಬಸುರಿ ಹೌದಾ ಅಲ್ವಾ?"

"ಹೌದು."

"ಮತ್ತೆ ನನ್ನ ಯಾಕೆ ಕೇಳ್ತೀಯ? ನಿಜ ಗೊತ್ತಿದ್ದೂ ಸುಳ್ಳು ಒಪ್ಕೊಂಡು ಡಾಕ್ಟರ್ ಆಗೋದಾದ್ರೆ ಆಗು. ಆದ್ರೆ ಆ ಹುಡುಗಿ ಅರವತ್ತು ವರ್ಷ ಬಾಯಿ ಮುಚ್ಕೊಂಡಿದ್ದಳಲ್ಲ, ಅವಳ ಪರವಾಗಿ ಮಾತಾಡೋಕೆ ಇರೋದು ನೀನೊಬ್ಬಳೇ. ಕಾಫಿ ಕುಡಿತೀಯಾ?"

ಅತ್ತೆಯ ನಿಯಮ ಮುರಿದಂತಾಯಿತೇ ಎಂದು ಆಮೇಲೆ ಯೋಚಿಸಿದೆ. ಇಲ್ಲ. ಬದುಕಿರುವವರ ಗುಟ್ಟು ಕಾಯಬೇಕು. ಪುಸ್ತಕದೊಳಗಿನವರು ಓದುವವರಿಗೆ ತಿಳಿಯಲಿ ಎಂದೇ ಕಾದು ಕೂತಿರುತ್ತಾರೆ.

ಪಿಎಚ್.ಡಿ.ಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಹೋಗಿ ಕೂರಬಹುದಂತೆ. ಮದುವೆಯ ಹಾಗೆ, ಬಾಗಿಲು ತೆರೆದೇ ಇರುತ್ತದೆ. ನಾನೂ ಜುಬೇದಾಳೂ ಹೊರಟೆವು. ಜುಬೇದಾ ಹೊಸ ಬುರ್ಖಾ ಹಾಕಿಕೊಂಡಿದ್ದಳು. "ಪಿಎಚ್.ಡಿ. ಅಂದ್ರೆ ಸುಮ್ನೆ ಆಯ್ತಾ?" ಎಂದಳು. ನನ್ನ ಚೀಲದಲ್ಲಿ ಹಸಿರು ಬ್ಲೌಸ್ ಇತ್ತು. ಸಿಂಧು ಬಾಗಿಲಲ್ಲೇ ತಡೆದಳು.

"ಅಜ್ಜಿ, ಒಂದೇ ಒಂದು ಮಾತೂ ಆಡ್ಬಾರ್ದು. ಪ್ರಾಮಿಸ್?"

"ನಾನ್ಯಾಕೆ ಮಾತಾಡ್ಲಿ? ನಂಗೇನು ಇಂಗ್ಲಿಷ್ ಬರುತ್ತಾ?"

ಹಿಂದಿನ ಸಾಲಿನಲ್ಲಿ ಕೂತೆವು. ಹೊರಗಿನ ಮೇಡಂ ಬಂದರು. ಅರವತ್ತರ ಹತ್ತಿರದವರು, ನೆಟ್ಟಗೆ ನಡೆಯುವವರು, ರೇಷ್ಮೆ ಸೀರೆ. ಬ್ಲೌಸಿನ ತೋಳು ಅರ್ಧ ಇಂಚು ಏರುಪೇರಾಗಿತ್ತು. ಜುಬೇದಾಳೂ ನೋಡಿದಳು, ನನ್ನ ಮೊಣಕೈಗೆ ತಿವಿದಳು.

ಸಿಂಧು ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದಳು. ಚೆನ್ನಾಗಿಯೇ ಮಾತಾಡಿರಬೇಕು, ಎಲ್ಲೂ ತಡವರಿಸಲಿಲ್ಲ. ಆಮೇಲೆ ಮೇಡಂ ಕೇಳಲು ಶುರುಮಾಡಿದರು. ನನಗೆ ಅರ್ಥವಾದದ್ದು ಎರಡೇ ಪದ. ಒಂದು 'ಡ್ರೆಸ್ಸು', ಇನ್ನೊಂದು 'ಪ್ರೂಫು'. ಸಿಂಧು ಪುಟದ ನಂಬರು ಹೇಳಿ ಓದಿದಳು. ಮೇಡಂ ತಲೆಯಾಡಿಸಿ ಬೇರೇನೋ ಹೇಳಿದರು. ಅವಳು ಮತ್ತೆ ವಿವರಿಸಿದಳು. ಅವರು ಮತ್ತೆ ತಲೆಯಾಡಿಸಿದರು. ಮೂರನೆಯ ಸಲಕ್ಕೆ ಸಿಂಧುವಿನ ದನಿ ಇಳಿಯಿತು. ಮಾತಿನಲ್ಲಿ ಹೇಳಿದರೆ ಹೊಲಿಗೆ ಯಾರಿಗೆ ತಿಳಿಯುತ್ತದೆ? ಗೈಡು ಕೂತಲ್ಲಿಂದಲೇ ಅವಳಿಗೆ ಕಣ್ಣಲ್ಲಿ 'ಒಪ್ಕೋ, ಒಪ್ಕೋ' ಎಂದು ಸನ್ನೆ ಮಾಡುತ್ತಿದ್ದರು. ಅವಳು ಒಪ್ಪಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ನಿಂತೇ ಇದ್ದಳು.

ಆಗ ಪರೀಕ್ಷೆ ನಡೆಸುತ್ತಿದ್ದ ಅಧ್ಯಕ್ಷರು ಎದ್ದು ಸಭೆಯ ಕಡೆ ತಿರುಗಿ ಏನೋ ಕೇಳಿದರು. ಯಾರೂ ಅಲ್ಲಾಡಲಿಲ್ಲ. ಎಲ್ಲರ ಕಣ್ಣೂ ಬಾಗಿಲಾಚೆ ಜೋಡಿಸಿಟ್ಟಿದ್ದ ಸಮೋಸದ ತಟ್ಟೆಗಳ ಮೇಲೆ.

"ಏನಂತೆ?" ಎಂದು ಮುಂದೆ ಕೂತಿದ್ದ ಹುಡುಗಿಯನ್ನು ಕೇಳಿದೆ.

"ಯಾರಾದ್ರೂ ಪ್ರಶ್ನೆ ಕೇಳೋದಿದ್ರೆ ಕೇಳ್ಬಹುದಂತೆ ಅಜ್ಜಿ. ಅದು ರೂಲ್ಸು."

ಮಾತಾಡುವುದಿಲ್ಲ ಎಂದು ಹೇಳಿದ್ದೆ, ನಿಜ. ಪ್ರಶ್ನೆ ಕೇಳುವುದಿಲ್ಲ ಎಂದು ಹೇಳಿರಲಿಲ್ಲ. ಜುಬೇದಾ ನನ್ನ ಬೆನ್ನಿಗೆ ಕೈಹಾಕಿ, "ಉಠ್ ಸರೋಜಾ, ಏಳು ಏಳು" ಎಂದು ತಳ್ಳಿದಳು. ಎದ್ದೆ. ಚೀಲದಿಂದ ಬ್ಲೌಸು ತೆಗೆದೆ. ಇಡೀ ಸಭೆ ತಿರುಗಿ ನೋಡಿತು. ಸಿಂಧು ಕಣ್ಣು ಮುಚ್ಚಿಕೊಂಡಳು.

"ನನ್ನದೊಂದು ಪ್ರಶ್ನೆ. ಕನ್ನಡದಲ್ಲಿ ಕೇಳಬಹುದಾ?"

"ಕೇಳಿ ಅಮ್ಮ" ಎಂದರು ಹೊರಗಿನ ಮೇಡಂ. ಅವರಿಗೆ ಕನ್ನಡ ಬರುತ್ತದೆ ಎಂದು ಆಗ ಗೊತ್ತಾಯಿತು.

ನಾನು ನಡೆದು ಹೋಗಿ ಬ್ಲೌಸನ್ನು ಮೇಜಿನ ಮೇಲೆ ಹಾಸಿದೆ. "ಇದು ನಂದು. ಇದನ್ನ ಚಿಕ್ಕದು ಮಾಡಿದಾರಾ, ದೊಡ್ಡದು ಮಾಡಿದಾರಾ? ನೋಡಿ ಹೇಳ್ಬೇಕು. ಹೇಳಮ್ಮ ಸಿಂಧು, ನಿನ್ನನ್ನೇ ಕೇಳ್ತಿರೋದು."

ಸಿಂಧು ಕಣ್ಣು ತೆರೆದಳು. ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದಳು. ಆಮೇಲೆ ಬ್ಲೌಸ್ ಎತ್ತಿಕೊಂಡಳು, ಮತ್ತೆ ನಾನು ಬಾಯಿ ತೆರೆಯುವ ಅಗತ್ಯ ಬೀಳಲಿಲ್ಲ. ಪಟ್ಟಿ ತೋರಿಸಿದಳು. ಒಳಗೆ ತಿರುಗಿಸಿ ಹಳೆಯ ಹೊಲಿಗೆಯ ಸೂಜಿತೂತುಗಳನ್ನು ಒಂದೊಂದಾಗಿ ತೋರಿಸಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಬಿಡಿಸಿದರೆ ಹೇಗೆ, ಚಿಕ್ಕದು ಮಾಡಿದರೆ ಹೇಗೆ, ಎರಡನ್ನೂ ಬೆರಳಲ್ಲೇ ಮಡಚಿ ತೋರಿಸಿದಳು. ಕನ್ನಡದಲ್ಲೇ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ.

ಮೇಡಂ ಎದ್ದು ಬಂದರು. ಬ್ಲೌಸಿನ ಪಟ್ಟಿಯ ಮೇಲೆ ಬೆರಳಾಡಿಸಿದರು. ಆಮೇಲೆ ಕಾದಂಬರಿ ತೆಗೆದು ಆ ಪುಟ ಓದಿದರು, ತುಟಿ ಅಲ್ಲಾಡದೆ. ಹಿಂದಕ್ಕೆ ತಿರುವಿ ಶನಿವಾರಗಳ ಪುಟ ಓದಿದರು. ಮತ್ತೆ ಕೊನೆಗೆ ಬಂದರು.

"ಹನ್ನೊಂದು ವರ್ಷ ಈ ಪುಸ್ತಕ ಪಾಠ ಮಾಡಿದ್ದೀನಿ" ಎಂದರು. "ಸಾಯೋ ಹೊತ್ತಲ್ಲಿ ತಮ್ಮನ ಕೈಗೆ ತನ್ನ ಗೌನ್ ಯಾಕೆ ಕೊಡ್ತಾಳೆ ಅಂತ ಪ್ರತಿ ವರ್ಷ ಯಾರಾದ್ರೂ ಒಬ್ಬ ಸ್ಟೂಡೆಂಟ್ ಕೇಳ್ತಾರೆ. ಪ್ರತಿ ವರ್ಷ ಏನೋ ಒಂದು ಹೇಳಿ ತಪ್ಪಿಸ್ಕೊಂಡೆ."

"ಅವನು ಮೊದಲು ಇದ್ದ ಮನೆ ಅದು ಮೇಡಂ" ಎಂದಳು ಸಿಂಧು. "ಅದನ್ನೇ ಅವನ ಕೈಗೆ ಕೊಟ್ಟಳು."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನಗೆ ಹೊಳೆದೂ ಇರಲಿಲ್ಲ. ಐ.ಡಿ. ಕಾರ್ಡ್ ಹಾಕಿಕೊಂಡಿದ್ದ ಇಬ್ಬರು ಹುಡುಗಿಯರು ಮೂಗು ಒರೆಸಿಕೊಂಡರು. ಮೇಡಂ ಹೋಗಿ ಕುರ್ಚಿಯಲ್ಲಿ ಕೂತು, ಪೆನ್ನು ತೆಗೆದು, ತಮ್ಮ ವರದಿಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಂದು ಸಮೋಸ ತಿನ್ನುವಷ್ಟು ಹೊತ್ತೂ ಆಗಲಿಲ್ಲ, ಕರೆದರು. ಅಧ್ಯಕ್ಷರು "ಡಾಕ್ಟರ್ ಸಿಂಧು" ಎಂದರು. ಚಪ್ಪಾಳೆಯಲ್ಲಿ ಮುಂದಿನದು ಕೇಳಲಿಲ್ಲ. ಜುಬೇದಾ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು, ಹೊಸ ಬುರ್ಖಾದಲ್ಲೇ. ಥೀಸಿಸ್ಸಿಗೆ ಮೇಡಂ ಒಂದೇ ತಿದ್ದುಪಡಿ ಹೇಳಿದ್ದರು. ಮೂರನೆಯ ಅಧ್ಯಾಯಕ್ಕೆ ರೆಫರೆನ್ಸ್ ಇಲ್ಲ, ಅದು ಆ ಹಿಂದಿನ ಸಾಲಿನಲ್ಲಿ ಕೂತಿದೆ, ಹೆಸರು ಕೇಳಿ ಬರೆದುಕೊಳ್ಳಿ ಎಂದು. ಗೈಡು ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದು, "ಅಮ್ಮಾ, ನಾನು ಮೊದಲಿಂದಲೂ ಈ ಅಧ್ಯಾಯದ ಪರವಾಗೇ ಇದ್ದೆ" ಎಂದರು. ಇರಲಿ, ಹೆಸರು ಹೇಳಿದೆ. "ಸರೋಜಮ್ಮ, ಹಲಸೂರು. ಬ್ಲೌಸ್ ಹೊಲಿತಾರೆ ಅಂತ ಸೇರಿಸಿ. ಓದಿದವರು ಯಾರಾದ್ರೂ ಬಟ್ಟೆ ತಂದಾರು."

ಹೊರಗೆ ನೋಡಿದರೆ ಮೇಡಂ ಸಮೋಸದ ಮೇಜಿನ ಹತ್ತಿರ ನನ್ನ ಬ್ಲೌಸನ್ನು ಒಳಹೊರಗು ಮಾಡಿ ಹಿಡಿದು ಇನ್ನಿಬ್ಬರು ಮೇಷ್ಟ್ರಿಗೆ ಪಾಠ ಮಾಡುತ್ತಿದ್ದರು. ನನ್ನನ್ನು ಕಂಡು ಸ್ವಲ್ಪ ಸಂಕೋಚದಿಂದಲೇ ಕೇಳಿದರು.

"ಅಮ್ಮ, ಇದನ್ನ ನಾನು ಇಟ್ಕೊಳ್ಳಲಾ? ಇನ್ಮೇಲೆ ಕ್ಲಾಸಲ್ಲಿ ಇದನ್ನ ತೋರಿಸೇ ಪಾಠ ಮಾಡ್ಬೇಕು."

ಜುಬೇದಾಗೆ ನಗು ತಡೆಯಲಾಗಲಿಲ್ಲ. "ನೋಡೇ ಸರೋಜಾ, ನೀನು ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ, ನಿನ್ನ ಬ್ಲೌಸು ಎಂ.ಎ. ಸೇರ್ಕೊಳ್ತು!"

ಕೊಟ್ಟುಬಿಟ್ಟೆ. ಆದರೆ ಕೈಬಿಡುವ ಮೊದಲು ಮೇಡಂ ಕಿವಿಯಲ್ಲಿ ಒಂದು ಮಾತು ಹಾಕಿದೆ.

"ತಣ್ಣೀರಲ್ಲೇ ಒಗೀಬೇಕು, ನೆರಳಲ್ಲೇ ಒಣಗಿಸ್ಬೇಕು. ಆ ಪಟ್ಟಿಯ ಬಣ್ಣ ಹೋಯ್ತೋ, ನಿಮ್ಮ ಪ್ರೂಫ್ ಹೋಯ್ತು ಅಂತಾನೇ ತಿಳ್ಕೊಳ್ಳಿ."

ಅವರು ಪೆನ್ನು ತೆಗೆದು ಅದನ್ನೂ ಬರೆದುಕೊಂಡರು.